ರಸ್ತೆ ಸಾವಿಗೆ 91 ಲಕ್ಷ: ಈ ಲೆಕ್ಕ ಬರೋದು ಎಲ್ಲಿಂದ?

ರಸ್ತೆ ಅಪಘಾತಗಳಿಂದ ದೇಶಕ್ಕೆ ಜಿಡಿಪಿಯ ಶೇ 3ರಷ್ಟು ನಷ್ಟ ಆಗುತ್ತಿದೆ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಎಷ್ಟೋ ಸಲ ಹೇಳಿದ್ದಾರೆ. ಅವರದೇ ಸಚಿವಾಲಯಕ್ಕಾಗಿ ನಡೆದ ಅಧ್ಯಯನವೊಂದು ಇದನ್ನು ಶೇ 0.77 ಎನ್ನುತ್ತದೆ. ವಿಶ್ವಬ್ಯಾಂಕಿನ ಅಂದಾಜು ನೋಡಿದರೆ ಶೇ 7.5. ಅದೇ ದೇಶ, ಅದೇ ರಸ್ತೆಗಳು, ಹೆಚ್ಚೂಕಡಿಮೆ ಅದೇ ಕಾಲ. ಆದರೂ ಒಂದು ಅಂಕಿಗೂ ಇನ್ನೊಂದಕ್ಕೂ ಹತ್ತು ಪಟ್ಟು ವ್ಯತ್ಯಾಸ. ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತೆ, ಅಲ್ವಾ? ಹಾಗೇನಿಲ್ಲ. ಒಬ್ಬೊಬ್ಬರು ಒಂದೊಂದನ್ನು ಎಣಿಸುತ್ತಿದ್ದಾರೆ, ಅಷ್ಟೇ. ಏನನ್ನು ಎಣಿಸಿದರು, ಏನನ್ನು ಬಿಟ್ಟರು ಎನ್ನುವುದೇ ಈ ಲೇಖನದ ವಿಷಯ.

ಮೊದಲು ಒಂದು ಅಂಕಿ ತಲೆಯಲ್ಲಿರಲಿ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2023ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,72,890 ಜನ. ದಿನಕ್ಕೆ ಸುಮಾರು 474. ಅದರಲ್ಲಿ ಕರ್ನಾಟಕದವರು 12 ಸಾವಿರಕ್ಕೂ ಜಾಸ್ತಿ.

ಜಿಡಿಪಿಯ ಶೇಕಡಾ ಇಷ್ಟು ಅಂದರೆ ಏನು?

ಜಿಡಿಪಿ ಅಂದರೆ ದೇಶದಲ್ಲಿ ಒಂದು ವರ್ಷ ತಯಾರಾದ ಎಲ್ಲ ವಸ್ತು, ಸೇವೆಗಳ ಒಟ್ಟು ಬೆಲೆ. ಬೆಳೆದ ರಾಗಿ, ಹೊಲಿದ ಅಂಗಿ, ಓಡಿಸಿದ ಬಸ್ಸು, ಬರೆದ ಸಾಫ್ಟ್‌ವೇರ್, ಎಲ್ಲ ಸೇರಿ.

ಶೇ 3 ನಷ್ಟ ಎಂದ ತಕ್ಷಣ ನೂರು ರೂಪಾಯಿಯಲ್ಲಿ ಮೂರು ರೂಪಾಯಿ ಜೇಬಿನಿಂದ ಬಿದ್ದುಹೋಯಿತು ಅಂದುಕೊಳ್ಳುತ್ತೇವೆ. ಅದು ಅಷ್ಟು ಸರಳ ಅಲ್ಲ. ವಿಚಿತ್ರ ಏನೆಂದರೆ, ಅಪಘಾತದಿಂದ ಜಿಡಿಪಿ ಕೆಲವೊಮ್ಮೆ ಏರುತ್ತದೆ! ಆಸ್ಪತ್ರೆಯ ಬಿಲ್ಲು, ಗ್ಯಾರೇಜಿನ ಬಿಲ್ಲು, ಕ್ರೇನಿನ ಬಾಡಿಗೆ, ವಕೀಲರ ಫೀಸು ಎಲ್ಲವೂ ಜಿಡಿಪಿ ಲೆಕ್ಕಕ್ಕೆ ಸೇರುತ್ತವೆ. ಗಾಳಿಗೆ ಮನೆಯ ಹೆಂಚು ಹಾರಿಹೋಯಿತು, ಹೊಸ ಹೆಂಚು ಹಾಕಿಸಿದಿರಿ ಅನ್ನಿ. ಹೆಂಚಿನ ಅಂಗಡಿಗೆ ವ್ಯಾಪಾರವಾಯಿತು, ಗಾರೆಯವನಿಗೆ ಕೂಲಿ ಸಿಕ್ಕಿತು. ನಿಮಗೆ ಸಿಕ್ಕಿದ್ದು ಮೊದಲಿದ್ದ ಮನೆಯೇ. ಮಗಳ ಫೀಸಿಗೆಂದು ಇಟ್ಟಿದ್ದ ದುಡ್ಡು ಮಾತ್ರ ಖಾಲಿ.

ಹಾಗಾಗಿ ಇಲ್ಲಿ ಜಿಡಿಪಿ ಬರೀ ಅಳತೆಗೋಲು. ನಷ್ಟ ಎಷ್ಟು ದೊಡ್ಡದು ಎಂದು ತೋರಿಸಲು ಅದರ ಪಕ್ಕ ಇಟ್ಟು ನೋಡುತ್ತಾರೆ. ಸಚಿವರು ಹೇಳುವ ಶೇ 3 ಹೊಸದೂ ಅಲ್ಲ. 1999–2000ರಲ್ಲೇ ಯೋಜನಾ ಆಯೋಗ ಈ ನಷ್ಟವನ್ನು ಸುಮಾರು 55,000 ಕೋಟಿ ರೂಪಾಯಿ, ಅಂದರೆ ಜಿಡಿಪಿಯ ಶೇ 3 ಎಂದು ಅಂದಾಜಿಸಿತ್ತು. ಬಹುತೇಕ ದೇಶಗಳಿಗೆ ರಸ್ತೆ ಅಪಘಾತದಿಂದ ಶೇ 3ರಷ್ಟು ನಷ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಒಂದು ಸಾವು, ಹಲವು ಬಿಲ್ಲುಗಳು

ದೇಶದ ಲೆಕ್ಕ ಆಮೇಲೆ ನೋಡೋಣ. ಮೊದಲು ಒಬ್ಬ ಮನುಷ್ಯನ ಲೆಕ್ಕ. ಗೂಡ್ಸ್ ಆಟೊ ಓಡಿಸುವ ಒಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು 34. ಬೆಳಗ್ಗೆ ಐದಕ್ಕೆ ಎಪಿಎಂಸಿ ಯಾರ್ಡಿನಲ್ಲಿ ತರಕಾರಿ ಲೋಡು, ಮಧ್ಯಾಹ್ನ ಹಾರ್ಡ್‌ವೇರ್ ಬಾಡಿಗೆ. ಡೀಸೆಲ್ಲು, ಇಎಂಐ ಎಲ್ಲ ಕಳೆದು ತಿಂಗಳಿಗೆ 20,000 ಉಳಿಯುತ್ತದೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಒಂದು ರಾತ್ರಿ ಬೈಕಿನಲ್ಲಿ ಮನೆಗೆ ಬರುವಾಗ ಲಾರಿ ಗುದ್ದುತ್ತದೆ. ನಾಲ್ಕು ದಿನ ಐಸಿಯುನಲ್ಲಿದ್ದು ಅವರು ತೀರಿಕೊಳ್ಳುತ್ತಾರೆ.

ಕಣ್ಣಿಗೆ ಕಾಣುವ ಖರ್ಚನ್ನು ಎಣಿಸೋದು ಸುಲಭ. ಆಂಬುಲೆನ್ಸು, ಐಸಿಯು, ರಕ್ತ, ಔಷಧಿ, ಅಂತ್ಯಕ್ರಿಯೆ. ಜಜ್ಜಿಹೋದ ಬೈಕು. ಸರ್ಕಾರದ ಕಡೆಯಿಂದ ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆ, ವಾಹನ ತಪಾಸಣೆ, ಮುಂದೆ ವರ್ಷಗಟ್ಟಲೆ ಕೋರ್ಟು. ಆ ರಾತ್ರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರ ಸಮಯವನ್ನೂ ಕೆಲವು ದೇಶಗಳು ಲೆಕ್ಕಕ್ಕೆ ಹಿಡಿಯುತ್ತವೆ. ಇದೆಲ್ಲ ಸೇರಿ ಕೆಲವು ಲಕ್ಷ ಆಗಬಹುದು. ದೊಡ್ಡ ನಷ್ಟ ಇದಲ್ಲ.

ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು. ಅವರು ಮುಂದೆ ದುಡಿಯಬೇಕಿದ್ದ 26 ವರ್ಷ. ತಿಂಗಳಿಗೆ 20,000 ಅಂದರೆ ವರ್ಷಕ್ಕೆ 2,40,000. ಅರವತ್ತರವರೆಗೆ ಗುಣಿಸಿದರೆ 62,40,000 ರೂಪಾಯಿ.

ಆದರೆ ಅರ್ಥಶಾಸ್ತ್ರದವರು ಈ ಮೊತ್ತವನ್ನು ಹಾಗೇ ಒಪ್ಪೋದಿಲ್ಲ. ಇಪ್ಪತ್ತು ವರ್ಷ ಬಿಟ್ಟು ಬರುವ ದುಡ್ಡಿಗೆ ಇವತ್ತಿನ ದುಡ್ಡಿನಷ್ಟು ಬೆಲೆ ಇಲ್ಲ ಎನ್ನುತ್ತಾರೆ. ಚೀಟಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಲಕ್ಷದ ಚೀಟಿಯನ್ನು ಮೊದಲ ತಿಂಗಳೇ ಕೂಗಿ ಎತ್ತಿದರೆ ಕೈಗೆ ಎಪ್ಪತ್ತೋ ಎಂಬತ್ತೋ ಸಾವಿರ ಬರುತ್ತದೆ. ಕೊನೆಯವರೆಗೂ ಕಾದವರಿಗೆ ಹೆಚ್ಚೂಕಡಿಮೆ ಪೂರ್ತಿ. ಮುಂದೆ ಬರುವ ಹಣವನ್ನು ಇವತ್ತೇ ಬೇಕು ಎಂದರೆ ಸ್ವಲ್ಪ ಬಿಟ್ಟುಕೊಡಬೇಕು. 26 ವರ್ಷದ ದುಡಿಮೆಯನ್ನು ಇವತ್ತಿನ ಬೆಲೆಗೆ ತರುವಾಗಲೂ ಹೀಗೇ ಮುರಿಯುತ್ತಾರೆ.

ಹೀಗೆ ಸತ್ತವರ ಮುಂದಿನ ದುಡಿಮೆಯನ್ನೇ ನಷ್ಟ ಎಂದು ಲೆಕ್ಕ ಹಾಕುವುದಕ್ಕೆ 'ಮಾನವ ಬಂಡವಾಳ' ವಿಧಾನ ಎಂದು ಹೆಸರು. ಹೆಸರು ಸ್ವಲ್ಪ ಒರಟು. ಭಾರತಕ್ಕೆ ಈ ಲೆಕ್ಕ ಹೆಚ್ಚು ನೋವು ಕೊಡುತ್ತದೆ, ಯಾಕೆಂದರೆ ನಮ್ಮಲ್ಲಿ ಸಾಯುವವರು ದುಡಿಯುವ ವಯಸ್ಸಿನವರು. 2022ರಲ್ಲಿ ಸತ್ತವರಲ್ಲಿ ಮೂವರಲ್ಲಿ ಇಬ್ಬರು 18ರಿಂದ 45 ವರ್ಷದೊಳಗಿನವರು.

ಕೋರ್ಟು ಹೇಗೆ ಲೆಕ್ಕ ಹಾಕುತ್ತದೆ?

ಇದೇ ಯೋಚನೆಯ ಇನ್ನೊಂದು ರೂಪ ದಿನಾ ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಜನರ ಬಾಯಲ್ಲಿ ಇದು 'ಕ್ಲೇಮ್ ಕೇಸು'. ಲೆಕ್ಕದ ಸೂತ್ರವನ್ನು ಸುಪ್ರೀಂ ಕೋರ್ಟ್ ಎರಡು ತೀರ್ಪುಗಳಲ್ಲಿ ಗಟ್ಟಿ ಮಾಡಿದೆ. ಒಂದು 2009ರದ್ದು, ಇನ್ನೊಂದು 2017ರಲ್ಲಿ ಸಂವಿಧಾನ ಪೀಠ ಕೊಟ್ಟದ್ದು. ನಮ್ಮ ಆಟೊ ಚಾಲಕರ ಲೆಕ್ಕವನ್ನೇ ಹಾಕಿ ನೋಡೋಣ.

ಆದಾಯ ತಿಂಗಳಿಗೆ 20,000. ಅವರು ಬದುಕಿದ್ದರೆ ಗಳಿಕೆ ಇಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಹಾಗಾಗಿ ಸ್ವಂತ ದುಡಿಮೆಯವರು, 40 ವರ್ಷದೊಳಗಿನವರು ಎಂದಾದರೆ ಶೇ 40 ಸೇರಿಸಬೇಕು. ಆಯಿತು 28,000. ಬದುಕಿದ್ದರೆ ತಮಗಾಗಿಯೂ ಖರ್ಚು ಮಾಡುತ್ತಿದ್ದರು, ಊಟ, ಬಟ್ಟೆ, ಬೀಡಿ, ಕಾಫಿ. ನಾಲ್ವರು ಅವಲಂಬಿತರಿದ್ದರೆ ಅದಕ್ಕೆ ನಾಲ್ಕನೇ ಒಂದು ಭಾಗ ಕಳೆಯಬೇಕು. ಉಳಿಯಿತು 21,000. ವರ್ಷಕ್ಕೆ 2,52,000. ಇದು ಮನೆಯವರು ಕಳೆದುಕೊಂಡದ್ದು.

ಇನ್ನು ಗುಣಕ. ವಯಸ್ಸಿಗೆ ತಕ್ಕಂತೆ ಒಂದು ಸಂಖ್ಯೆ. 25 ವರ್ಷದವರೆಗೆ 18, ಆಮೇಲೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ 65 ದಾಟಿದವರಿಗೆ 5. ನಮ್ಮ ಚಾಲಕರ ವಯಸ್ಸಿಗೆ 16. ಗುಣಿಸಿದರೆ 40,32,000 ರೂಪಾಯಿ. ದುಡಿಯಲು 26 ವರ್ಷ ಬಾಕಿ ಇದ್ದರೂ ಬರೀ 16ರಿಂದ ಯಾಕೆ ಗುಣಿಸಬೇಕು? ಚೀಟಿಯ ಲೆಕ್ಕವೇ ಮತ್ತೆ. ಹಣ ಒಟ್ಟಿಗೆ ಕೈಗೆ ಬರುತ್ತದಲ್ಲ, ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ. 40,32,000ಕ್ಕೆ ಶೇ 6.25 ಬಡ್ಡಿ ಎಂದರೆ ವರ್ಷಕ್ಕೆ ಸರಿಯಾಗಿ 2,52,000.

ಇದರ ಮೇಲೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಸಂಗಾತಿ ಕಳೆದುಕೊಂಡದ್ದಕ್ಕೆ 40,000 ಎಂದು 2017ರ ತೀರ್ಪು ಗೊತ್ತು ಮಾಡಿದೆ. ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಬೇಕು. ಗಂಡನನ್ನು ಕಳೆದುಕೊಂಡ ದುಃಖಕ್ಕೆ 40,000. ಓದುವಾಗ ಒಂದು ಥರಾ ಆಗುತ್ತದೆ, ಆದರೆ ಸೂತ್ರ ಅಂದರೆ ಸೂತ್ರ.

ಕಾಗದದ ಮೇಲೆ ಇಷ್ಟು ಸಲೀಸು. ಕೋರ್ಟಿನಲ್ಲಿ ಮೊದಲ ಪ್ರಶ್ನೆಯೇ ಬೇರೆ: ಇಪ್ಪತ್ತು ಸಾವಿರ ದುಡಿಯುತ್ತಿದ್ದರು ಎನ್ನುವುದಕ್ಕೆ ಸಾಕ್ಷಿ ಏನು? ಗೂಡ್ಸ್ ಆಟೊದವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ದಾಖಲೆ ಇಲ್ಲದಿದ್ದರೆ ನ್ಯಾಯಾಲಯ 'ಕಾಲ್ಪನಿಕ ಆದಾಯ' ಹಿಡಿಯುತ್ತದೆ. ಕರ್ನಾಟಕದಲ್ಲಿ ಅಪಘಾತವಾದ ವರ್ಷವನ್ನು ನೋಡಿ ಇಷ್ಟು ಎಂದು ಹೇಳುವ ಒಂದು ಪಟ್ಟಿಯೇ ಬಳಕೆಯಲ್ಲಿದೆ. ತಿಂಗಳ ಆದಾಯದಲ್ಲಿ 5,000 ಕಡಿಮೆ ಹಿಡಿದರೆ ಕೊನೆಯ ಮೊತ್ತದಲ್ಲಿ ಹತ್ತು ಲಕ್ಷ ಕಡಿಮೆಯಾಗುತ್ತದೆ. ಬೇಕಿದ್ದರೆ ಮೇಲಿನ ಸೂತ್ರಕ್ಕೆ 15,000 ಹಾಕಿ ನೋಡಿ.

ಲಾರಿಗೆ ವಿಮೆ ಇದ್ದರೆ ಮಾತ್ರ ಈ ಹಣ ನೆಟ್ಟಗೆ ಕೈಸೇರುತ್ತದೆ. ಲಾರಿ ಗುದ್ದಿ ಓಡಿಹೋಗಿ, ಪತ್ತೆಯೇ ಆಗದಿದ್ದರೆ? ಆಗ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಡಿ ಸಾವಿಗೆ ಸಿಗುವುದು 2 ಲಕ್ಷ. ಅದಕ್ಕೂ ಮೊದಲು ಬರೀ 25,000 ಇತ್ತು.

ಸಂಬಳ ಇಲ್ಲದವರು ಸತ್ತರೆ?

ಆ ಬೈಕಿನಲ್ಲಿ ಬರುತ್ತಿದ್ದುದು ಅವರ ಹೆಂಡತಿ ಆಗಿದ್ದರೆ ಲೆಕ್ಕ ಹೇಗೆ? ಅವರಿಗೆ ಸಂಬಳ ಇಲ್ಲ. ದುಡಿಮೆಯನ್ನು ಮಾತ್ರ ನೋಡುವ ವಿಧಾನದಲ್ಲಿ ಅವರ ಸಾವಿನ ನಷ್ಟ ಸೊನ್ನೆ. ನಿವೃತ್ತರದ್ದೂ ಸೊನ್ನೆ.

ಕೋರ್ಟುಗಳು ಇದನ್ನು ಒಪ್ಪಿಲ್ಲ. ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಬೆಲೆ ಕಟ್ಟಿತ್ತು. 2021ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯನ್ನೇ ಮುಂದಿಟ್ಟಿತು. ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಹೆಂಗಸರು ಐದು ಗಂಟೆ ಮಾಡುವ ಈ ಕೆಲಸ ಜಿಡಿಪಿಯಲ್ಲಿ ಎಲ್ಲೂ ಇಲ್ಲ. ಅದೇ ಕೆಲಸಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡರೆ ಮಾತ್ರ ಜಿಡಿಪಿಗೆ ಬರುತ್ತದೆ!

91 ರೂಪಾಯಿಯ ಪ್ರಶ್ನೆ

ಈ ತೊಡಕಿನಿಂದ ತಪ್ಪಿಸಿಕೊಳ್ಳಲು ಹಲವು ದೇಶಗಳು ಬೇರೆ ದಾರಿ ಹಿಡಿದವು. ಬ್ರಿಟನ್ 1988ರಲ್ಲೇ ರಸ್ತೆ ಸಾವಿನ ಲೆಕ್ಕಕ್ಕೆ ಹೊಸ ವಿಧಾನ ತಂದಿತು. ಅದರಲ್ಲಿ ಕೇಳುವುದು ಸತ್ತವರು ಎಷ್ಟು ದುಡಿಯುತ್ತಿದ್ದರು ಎಂದಲ್ಲ. ಅಪಾಯ ಸ್ವಲ್ಪ ಕಡಿಮೆ ಮಾಡಿಕೊಳ್ಳಲು ಬದುಕಿರುವ ನಾವು ಎಷ್ಟು ಕೊಡಲು ತಯಾರಿದ್ದೇವೆ ಎಂದು.

ಭಾರತದಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 12 ಜನ ರಸ್ತೆಯಲ್ಲಿ ಸಾಯುತ್ತಾರೆ. ಲಕ್ಷ ಜನರಿರುವ ಒಂದು ಊರು ಅಂದುಕೊಳ್ಳಿ. ಬೀದಿದೀಪ, ಫುಟ್‌ಪಾತ್, ಹಂಪು ಎಲ್ಲ ಸರಿ ಮಾಡಿದರೆ 12 ಸಾವು 11ಕ್ಕೆ ಇಳಿಯುತ್ತದೆ. ಇದಕ್ಕೆ ನೀವು ವರ್ಷಕ್ಕೆ ಎಷ್ಟು ಕೊಡುತ್ತೀರಿ? ಉಳಿಯುವ ಆ ಒಬ್ಬರು ಯಾರೆಂದು ಯಾರಿಗೂ ಗೊತ್ತಿಲ್ಲ. ನೀವೂ ಆಗಬಹುದು. ತಲಾ 91 ರೂಪಾಯಿ ಕೊಡುತ್ತೇವೆ ಎಂದು ಎಲ್ಲರೂ ಒಪ್ಪಿದರೆ ಒಟ್ಟು 91 ಲಕ್ಷ. ಒಂದು ಜೀವ ಉಳಿಸಲು ಊರು ಕೊಡಲು ತಯಾರಿರುವ ಮೊತ್ತ ಅದು. ಇದಕ್ಕೆ 'ಸಂಖ್ಯಾಶಾಸ್ತ್ರೀಯ ಜೀವದ ಮೌಲ್ಯ' ಎನ್ನುತ್ತಾರೆ. ಯಾರದೋ ಜೀವವನ್ನು ಕೊಳ್ಳುವ ಬೆಲೆ ಇದಲ್ಲ. ಲಕ್ಷ ಜನರ ಚೂರುಪಾರು ಅಪಾಯಗಳನ್ನು ಕೂಡಿಸಿದಾಗ ಬರುವ ಮೊತ್ತ.

91 ಎನ್ನುವ ಅಂಕಿಯನ್ನು ಸುಮ್ನೆ ಆರಿಸಲಿಲ್ಲ. ಶುರುವಿನಲ್ಲಿ ಹೇಳಿದ, ಸಾರಿಗೆ ಸಚಿವಾಲಯಕ್ಕಾಗಿ ಐಐಟಿ ದೆಹಲಿ ತಜ್ಞರೂ ಸೇರಿ ನಡೆಸಿದ ಅಧ್ಯಯನ, ಒಂದು ರಸ್ತೆ ಸಾವಿನ ವೆಚ್ಚವನ್ನು ಸುಮಾರು 91 ಲಕ್ಷ ಎಂದು ಹಿಡಿದಿದೆ. ತೀವ್ರ ಗಾಯಕ್ಕೆ ಸುಮಾರು 3.64 ಲಕ್ಷ, ಸಣ್ಣ ಗಾಯಕ್ಕೆ ಸುಮಾರು 78,000. ಎಲ್ಲ ಸೇರಿ 2018ಕ್ಕೆ 1,47,114 ಕೋಟಿ ರೂಪಾಯಿ. ದಿನಕ್ಕೆ 400 ಕೋಟಿ. ಇದೇ ಆ ಶೇ 0.77.

0.77 ಎಲ್ಲಿ, 7.5 ಎಲ್ಲಿ?

ಈಗ ಹತ್ತು ಪಟ್ಟು ವ್ಯತ್ಯಾಸದ ವಿಷಯಕ್ಕೆ ಬರೋಣ. ವಿಶ್ವಬ್ಯಾಂಕಿನ ಶೇ 7.5 ಎನ್ನುವುದು 2016ರ ಅಂದಾಜು, ಸುಮಾರು 17,200 ಕೋಟಿ ಡಾಲರ್. ಅವರು ಜೀವಕ್ಕೆ ಹತ್ತು ಪಟ್ಟು ಜಾಸ್ತಿ ಬೆಲೆ ಕಟ್ಟಿರಬೇಕು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ.

ರಸ್ತೆ ಸುರಕ್ಷತೆಯ ಅಂತರರಾಷ್ಟ್ರೀಯ ಲೆಕ್ಕಗಳಲ್ಲಿ ಒಂದು ಸುಲಭ ಸೂತ್ರ ಬಳಕೆಯಲ್ಲಿದೆ. ವಿಶ್ವಬ್ಯಾಂಕಿನ ಅಂದಾಜೂ ಇಂಥ ಸೂತ್ರದಿಂದಲೇ ಬಂದದ್ದು. ಒಂದು ಸಾವು ಅಂದರೆ ದೇಶದ ತಲಾ ಜಿಡಿಪಿಯ 70 ಪಟ್ಟು. ತೀವ್ರ ಗಾಯ ಅಂದರೆ 17 ಪಟ್ಟು. 2018ರ ಸುಮಾರಿಗೆ ಭಾರತದ ತಲಾ ಜಿಡಿಪಿ 1.4 ಲಕ್ಷ ರೂಪಾಯಿ. ಎಪ್ಪತ್ತರಿಂದ ಗುಣಿಸಿ: 98 ಲಕ್ಷ. ಸಚಿವಾಲಯದ ಅಧ್ಯಯನ ಹೇಳಿದ್ದು 91 ಲಕ್ಷ. ಸಾವಿನ ಬೆಲೆಯಲ್ಲಿ ಅಂಥ ಜಗಳವೇ ಇಲ್ಲ!

ಜಗಳ ಇರುವುದು ಬದುಕಿ ಉಳಿದವರ ಲೆಕ್ಕದಲ್ಲಿ. ತೀವ್ರ ಗಾಯಕ್ಕೆ ಒಂದು ಕಡೆ 3.64 ಲಕ್ಷ. ಇನ್ನೊಂದು ಕಡೆ 17 ಪಟ್ಟು, ಅಂದರೆ ಸುಮಾರು 24 ಲಕ್ಷ. ಸಂಖ್ಯೆಯಲ್ಲೂ ಅಂತರ. ಪೊಲೀಸ್ ದಾಖಲೆಯ ಪ್ರಕಾರ ನಮ್ಮಲ್ಲಿ ಒಂದು ಸಾವಿಗೆ ಸುಮಾರು ಮೂವರು ಗಾಯಾಳುಗಳು, ಸಣ್ಣಪುಟ್ಟ ಗಾಯದವರೂ ಸೇರಿ. ಅಂತರರಾಷ್ಟ್ರೀಯ ಸೂತ್ರದಲ್ಲಿ ಒಂದು ಸಾವಿಗೆ ತೀವ್ರವಾಗಿ ಗಾಯಗೊಂಡವರೇ ಹತ್ತು ಜನ. ಬೈಕು ಜಾರಿ ಬಿದ್ದು ಕಾಲು ಮುರಿದವರು ಸ್ಟೇಷನ್ನಿಗೆ ಹೋಗುತ್ತಾರಾ? ಹೆಚ್ಚಿನವರು ನೇರ ಆಸ್ಪತ್ರೆಗೆ. ಯಾಕೆ ಸುಮ್ನೆ ಕೇಸು ಎಂದು ಬಿಡುತ್ತಾರೆ. ಪೊಲೀಸ್ ದಾಖಲೆಗೆ ಅವರು ಬರುವುದೇ ಇಲ್ಲ.

ಫಲಿತಾಂಶ ನೋಡಿ. ಸಚಿವಾಲಯದ ಅಧ್ಯಯನದ ಒಟ್ಟು ನಷ್ಟದಲ್ಲಿ ಶೇ 90ಕ್ಕಿಂತ ಜಾಸ್ತಿ ಪಾಲು ಸಾವಿನದ್ದು. ಅಂತರರಾಷ್ಟ್ರೀಯ ಸೂತ್ರದಲ್ಲಿ ಒಂದು ಸಾವಿಗೆ 70, ಅದರ ಜೊತೆಗಿನ ಹತ್ತು ಗಾಯಾಳುಗಳಿಗೆ 170. ಸಾವಿನ ಪಾಲು ಮೂರನೇ ಒಂದಕ್ಕಿಂತಲೂ ಕಡಿಮೆ.

ಸತ್ತವರ ಎಣಿಕೆಯೂ ಒಂದೇ ಥರ ಇಲ್ಲ. 2016ರಲ್ಲಿ ಸರ್ಕಾರದ ಲೆಕ್ಕದಲ್ಲಿ ಸತ್ತವರು 1,50,785. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 3 ಲಕ್ಷ. ಇನ್ನೊಂದು ನಿಯಮವೂ ಇದೆ. ಅಪಘಾತವಾದ 30 ದಿನದೊಳಗೆ ಸತ್ತರೆ ಮಾತ್ರ ಅದು ರಸ್ತೆ ಸಾವು. ನಮ್ಮ ಆಟೊ ಚಾಲಕರು ನಲವತ್ತನೇ ದಿನ ಹೋಗಿದ್ದರೆ ಅಂಕಿಅಂಶದಲ್ಲಿ ಅವರು ಗಾಯಾಳು.

ಗಾಯದ ನಷ್ಟ ಯಾಕೆ ಅಷ್ಟು ದೊಡ್ಡದು ಎಂದು ಕೇಳಬಹುದು. ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ಚೆನ್ನಾಗಿ ಬಿಡಿಸಿ ಹೇಳಿದೆ. ಎಡಗೈ ಹೋದರೆ ವೈದ್ಯರು ಶೇ 60 ಅಂಗವೈಕಲ್ಯ ಎಂದು ಬರೆಯಬಹುದು. ಆದರೆ ಆ ಕೈ ಚಾಲಕನದ್ದೋ ಬಡಗಿಯದ್ದೋ ಆಗಿದ್ದರೆ ಹೋದದ್ದು ಹೆಚ್ಚೂಕಡಿಮೆ ನೂರಕ್ಕೆ ನೂರು ದುಡಿಮೆ. ಸರ್ಕಾರಿ ಗುಮಾಸ್ತನದ್ದಾಗಿದ್ದರೆ ಸಂಬಳ ಹಾಗೇ ಬರುತ್ತಿರಬಹುದು. ಇದರ ಜೊತೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಮನೆಯ ಇನ್ನೊಬ್ಬರು ಕೆಲಸ ಬಿಡುತ್ತಾರೆ. ಒಂದು ಅಪಘಾತ, ನಿಂತುಹೋದ ಸಂಬಳ ಎರಡು.

ಭಾರ ಬೀಳುವುದು ಯಾರ ಮೇಲೆ?

ವಿಶ್ವಬ್ಯಾಂಕ್ 2021ರಲ್ಲಿ ಉತ್ತರ ಪ್ರದೇಶ, ಬಿಹಾರ, ತಮಿಳುನಾಡು, ಮಹಾರಾಷ್ಟ್ರಗಳಲ್ಲಿ ನಡೆಸಿದ ಸಮೀಕ್ಷೆಯ ವರದಿ ತಂದಿತು. ಅಪಘಾತದಿಂದ ಬಡ ಕುಟುಂಬಕ್ಕಾಗುವ ನಷ್ಟ ಆ ಮನೆಯ ಏಳು ತಿಂಗಳ ಆದಾಯಕ್ಕಿಂತ ಜಾಸ್ತಿ. ಉಳ್ಳವರ ಮನೆಯಲ್ಲಿ ಒಂದು ತಿಂಗಳ ಆದಾಯಕ್ಕಿಂತ ಕಡಿಮೆ. ಬಡ ಮನೆಗಳಲ್ಲಿ ನಾಲ್ಕರಲ್ಲಿ ಮೂರು ಮನೆಗಳು ಅಪಘಾತದ ಬಳಿಕ ಆದಾಯ ಇಳಿಯಿತು ಎಂದವು.

ಆದಾಯ ನಿಲ್ಲುವುದು ಅಪಘಾತವಾದ ದಿನವೇ. ಪರಿಹಾರ ಬರಲು ವರ್ಷಗಳು ಬೇಕು. ನಡುವಿನ ಈ ಕಾಲದಲ್ಲಿ ಒಡವೆ ಅಡವಿಡುವುದು, ಬಡ್ಡಿಗೆ ಸಾಲ ತರುವುದು ಎಲ್ಲ ನಡೆಯುತ್ತದೆ. ಆ ಬಡ್ಡಿ ಯಾವ ಸೂತ್ರದಲ್ಲೂ ಇಲ್ಲ. ಮೊದಲ ಏಟಿನ ಆಸ್ಪತ್ರೆ ಖರ್ಚಿಗಾಗಿ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಯೋಜನೆ ಪ್ರಕಟಿಸಿದೆ. ಏಳು ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷದವರೆಗೆ.

ಈ ಲೆಕ್ಕ ಇಟ್ಟುಕೊಂಡು ಏನು ಮಾಡೋದು?

ಸರ್ಕಾರದ ವ್ಯಾಖ್ಯೆಯಂತೆ ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದಲ್ಲಿ 10 ಜನ ಸತ್ತರೆ ಅದು 'ಬ್ಲ್ಯಾಕ್ ಸ್ಪಾಟ್'. 91 ಲಕ್ಷದ ಲೆಕ್ಕದಲ್ಲಿ ಆ ಅರ್ಧ ಕಿಲೋಮೀಟರ್ ಮೂರು ವರ್ಷದಲ್ಲಿ ತಿಂದದ್ದು 9 ಕೋಟಿಗೂ ಜಾಸ್ತಿ. ಅಲ್ಲಿನ ತಿರುವು ಸರಿಪಡಿಸಲು, ದೀಪ ಹಾಕಲು ಎರಡು ಕೋಟಿ ಕೇಳಿದರೆ ಅದು ದುಬಾರಿಯೋ ಅಗ್ಗವೋ? ಜೀವಕ್ಕೆ ಬೆಲೆ ಇಲ್ಲ ಎಂದು ಸುಮ್ಮನಾದರೆ ಫೈಲಿನಲ್ಲಿ ಆ ಕಾಲಂ ಖಾಲಿ ಇರುತ್ತದೆ. ಖಾಲಿ ಕಾಲಂ ಅಂದರೆ ಸೊನ್ನೆ. ಅಮೆರಿಕದ ಸಾರಿಗೆ ಇಲಾಖೆ ಇಂಥ ಲೆಕ್ಕಕ್ಕೆ 2023ರಲ್ಲಿ ಹಿಡಿದ ಮೊತ್ತ ಒಂದು ಜೀವಕ್ಕೆ 1.32 ಕೋಟಿ ಡಾಲರ್.

ನಮ್ಮ ಹತ್ತಿರದ್ದೇ ಉದಾಹರಣೆ ಬೇಕೆಂದರೆ ಬೆಂಗಳೂರು–ಮೈಸೂರು ಹೆದ್ದಾರಿ ಇದೆ. 2023ರಲ್ಲಿ ಅಲ್ಲಿ 188 ಜನ ಸತ್ತರು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು, ದಂಡದ ನೋಟಿಸುಗಳು ಮನೆಗೆ ಬಂದವು. ಬೈದವರೂ ಬಹಳ ಜನ. 2024ರಲ್ಲಿ ಸತ್ತವರು 50. ಒಂದು ವರ್ಷಕ್ಕೆ 138 ಸಾವು ಕಡಿಮೆ. 91 ಲಕ್ಷದಿಂದ ಗುಣಿಸಿದರೆ ಸುಮಾರು 125 ಕೋಟಿ ರೂಪಾಯಿ. ಇದರಲ್ಲಿ ಕೈಕಾಲು ಉಳಿಸಿಕೊಂಡವರ ಲೆಕ್ಕ ಇನ್ನೂ ಸೇರಿಲ್ಲ.